ದಿಮ್ಮಿಯ ಬುಡ ಹುಡುಕಿದ ಸಣ್ಣಿ

ಒಂದಾನೊಂದು ಕಾಲ ಅಂದ್ರೆ, ನಮ್ಮಜ್ಜಿಯ ಅಜ್ಜಿನೂ ಇನ್ನೂ ಹುಟ್ಟಿರದ ಕಾಲದಲ್ಲಿ, ಜಡೆಯ ಅಂತ ಒಬ್ಬ ಇದ್ದ, ರಾಜನ ಕಾಡು ಕಾಯ್ತಿದ್ದನಂತೆ. ಅವನಿಗೆ ಬೊಮ್ಮಿ, ಕೇತಿ, ಸಣ್ಣಿ ಅಂತ ಮೂರು ಹೆಣ್ಣುಮಕ್ಕಳು. ಆನೆಗೀನೆ ಅಡ್ಡ ಬರದಿರ್ಲಿ ಅಂತ ಜಡೆಯ ಕೊಂಬು ಊದ್ತಾ ಊದ್ತಾನೇ ಕಾಡು ಸುತ್ತೋನಂತೆ. ಪೆದ್ದ! ಕೊಂಬು ಈ ಕಡೆ ಕೇಳಿದ್ರೆ ಕಳ್ಳರು ಆ ಕಡೆ ಮರ ಕೊಯ್ಯೋರಂತೆ. ಅದೂ ದಾರಿ ಪಕ್ಕದ ಮರ ಮುಟ್ಟದೆ, ಒಳಗೊಳಗೇ.

ಒಂದಿನ ರಾಜ ಬೇಟೆಗೆ ಬಂದನಂತೆ. ನಾಲ್ಕು ಸಾಲು ಮರ ದಾಟಿದ್ದೇ ತಡ, ಕುದುರೆ ಗಕ್ಕನೆ ನಿಂತಿತಂತೆ. ಮುಂದೆ ಏನಿದೆ? ಬಟಾಬಯಲು! ಬರೀ ಬುಡಗಳು! ರಾಜನಿಗೆ ಮೈಯೆಲ್ಲ ಉರಿದುಹೋಯ್ತು. ಕಾಯೋನೇ ಮಾರಿದಾನೆ ಅಂತ ಜಡೆಯನನ್ನ ಹಗ್ಗದಲ್ಲಿ ಕಟ್ಟಿಸಿ, ಮೂರು ದಿನದಲ್ಲಿ ಬೇರೆ ಕಳ್ಳ ಸಿಗದಿದ್ರೆ ಇವನ ತಲೆ ಹೋಗುತ್ತೆ ಅಂದನಂತೆ. ಮಕ್ಕಳು ಅತ್ತರಾ? ಅತ್ತರು, ಅಪ್ಪ ಅಲ್ವೇನೇ! ಅಳ್ತಾ ಅಳ್ತಾನೇ ಕಾಡಿಗೆ ಓಡಿದರಂತೆ.

ಮೊದಲ್ನೇ ದಿನ ಬೊಮ್ಮಿ ಎಲ್ಲಕ್ಕಿಂತ ಎತ್ತರದ ಮರದ ತುದಿಗೆ ಹತ್ತಿದಳಂತೆ. ಮೇಲಿಂದ ನೋಡಿದ್ರೆ ಇಲಿ ಕಡಿದ ಕಂಬಳಿ ಥರ ಕಾಡಿನ ತುಂಬ ತೂತು! ಅವಳು ನೋಡ್ತಿದ್ದ ಹಾಗೇ ತೂತಿನ ಪಕ್ಕದ ಒಂದು ಮರ ಅಲ್ಲಾಡಿ ಅಲ್ಲಾಡಿ ಮಾಯವಾಯ್ತಂತೆ. ಆಮೇಲೆ ಎರಡ್ನೇ ದಿನ ಕೇತಿ, ಕೊಂಬೂ ಇಲ್ಲ ಗಿಂಬೂ ಇಲ್ಲ, ಕಾಲ್ಗೆಜ್ಜೆನೂ ಬಿಚ್ಚಿಟ್ಟು ಆ ಜಾಗಕ್ಕೇ ಹೋದಳಂತೆ. ಗರ್ ಗರ್ ಅಂತ ಗರಗಸದ ಸದ್ದು! ಹತ್ರ ಹೋಗೋದ್ರೊಳಗೆ ದಿಮ್ಮಿ ಹೇರ್ಕೊಂಡು ಗಾಡಿ ಹೊರಟೇಹೋಯ್ತು. ಉಳಿದದ್ದು ಹಸಿ ಬುಡ, ಗಾಡಿ ಜಾಡು. ಜಾಡು ಹಿಡಿದು ಹೋದ್ರೆ ಮರದ ಸಾವ್ಕಾರನ ಅಂಗಳ ಬಂತಂತೆ.

ಮೂರ್ನೇ ದಿನ ಮಕ್ಕಳು ಕರೆದರು ಅಂತ ರಾಜನೂ, ಹಗ್ಗ ಕಟ್ಟಿದ ಜಡೆಯನನ್ನ ಎಳ್ಕೊಂಡು ಒಬ್ಬ ಭಟನೂ ಅಲ್ಲಿಗೆ ಬಂದರು. ಸಾವ್ಕಾರ ನಕ್ಕುಬಿಟ್ಟ. ಇವೆಲ್ಲ ಹೊಳೆಯಾಚೆ ದೇಶದ ಮರ ಮಹಾಸ್ವಾಮಿ, ಯಾವ ಕಾಡಿದು ಅಂತ ದಿಮ್ಮಿ ಮೇಲೆ ಬರೆದಿರುತ್ತಾ ಅಂದನಂತೆ. ಬರೆದಿರುತ್ತೆ ಅಂದ್ಲು ಸಣ್ಣಿ! ಅವಳು ಬೆಳಗ್ಗೆನೇ ಆ ಹಸಿ ಬುಡದ ಮೇಲೆ ಅಪ್ಪನ ಬಿಳೀ ಪಂಚೆ ಹಾಸಿ, ಮೇಲೆ ಇದ್ದಿಲು ಉಜ್ಜಿ, ಮರದ ಸುತ್ತುಗೆರೆ, ಬಿರುಕು ಎಲ್ಲಾ ಅಚ್ಚು ತೆಗೆದುಕೊಂಡು ಬಂದಿದ್ದಳಂತೆ. ಒಂದು ದಿಮ್ಮಿಗೆ ಹಿಡಿದ್ಲು, ಕೂಡಲಿಲ್ಲ. ಇನ್ನೊಂದಕ್ಕೆ, ಊಹೂಂ. ಕೊನೇದೂ ಕೂಡಲಿಲ್ಲ ಕಣೇ! ಜಡೆಯನ ತಲೆ ತೆಗೆಯೋಕೆ ಭಟ ಕತ್ತಿ ಹಿರಿದೇಬಿಟ್ಟ. ಆಗ ಸಣ್ಣಿಗೆ ಹೊಳೀತು ನೋಡು, ಅಯ್ಯೋ, ದಿಮ್ಮಿ ಬುಡದ ಮೇಲೆ ಬೋರಲು ಕೂತಿತ್ತಲ್ಲ, ನಾನು ಪಂಚೆ ಉಲ್ಟಾ ಹಿಡಿದಿದೀನಿ ಅಂತ! ತೆಳು ಪಂಚೆ, ಒಳಮೈ ಹೊರಗೆ ಮಾಡಿ ತಿರುವಿ ಹಿಡಿದ್ಲು, ಎಡದ ಗೆರೆ ಬಲಕ್ಕೆ ಬಂತು. ಏಳನೇ ದಿಮ್ಮಿಗೆ ಗೆರೆಗೆ ಗೆರೆ, ಬಿರುಕಿಗೆ ಬಿರುಕು ಕೂತೇಬಿಡ್ತಂತೆ!

ರಾಜ ತಾನೇ ಬಂದು ಜಡೆಯನ ಹಗ್ಗ ಬಿಚ್ಚಿ, ತಪ್ಪಾಯ್ತು ಕಣಪ್ಪ ಅಂದನಂತೆ. ಅಪ್ಪ ಮಕ್ಕಳು ತಬ್ಬಿಕೊಂಡು ಅತ್ತು, ನಕ್ಕು, ನಾಲ್ಕೂ ಜನ ಸೇರಿ ಕಾಡು ಕಾಯ್ಕೊಂಡು ಸುಖವಾಗಿದ್ರಂತೆ.

ಸಾವ್ಕಾರನಾ? ಅವನ ತಲೆ ತೆಗೀಲಾ ಅಂತ ರಾಜ ಕೇಳಿದ್ದಕ್ಕೆ ಸಣ್ಣಿ ಬೇಡ ಅಂದ್ಲಂತೆ. ಆ ಬುಡದಲ್ಲಿ ಚಿಗುರು ಬರುತ್ತೆ, ಆಡು ಮೇಯದ ಹಾಗೆ ಕಾಯ್ಲಿ, ಅದು ಮೊದಲಿನಷ್ಟೇ ದೊಡ್ಡ ಮರ ಆದ ದಿನ ಮನೆಗೆ ಹೋಗ್ಲಿ ಅಂದ್ಲಂತೆ. ಇಷ್ಟೇನಾ, ಕೊಯ್ಯೋಕೆ ಅರ್ಧ ದಿನ ಸಾಕಾಗಿತ್ತು ಅಂತ ಸಾವ್ಕಾರ ಒಳಗೊಳಗೇ ಹಿಗ್ಗಿದನಂತೆ. ಅವನ ಗಡ್ಡ ಬೆಳ್ಳಗಾಗಿ ಮೊಣಕಾಲಿಗೆ ಇಳೀತಂತೆ, ಮರ ಇನ್ನೂ ಅವನ ತೋಳಿನಷ್ಟು ದಪ್ಪ ಆಗಿಲ್ಲವಂತೆ.

ಅವರ ಕತೆ ಅಲ್ಲಿಗೆ ಮುಗೀತು, ನಿನ್ನ ನಿದ್ದೆ ಇಲ್ಲಿಂದ ಶುರು.