ಬೆಲ್ಲದ ತುಲಾಭಾರ

"ಅಜ್ಜಾರ, ದೇವರು ಉಳಿಸಿಕೊಟ್ಟ ಕೂಸಿನ ತಾಟಿನಾಗಿನ ಹೋಳಿಗಿ ನಾ ಹೆಂಗ ತೆಗೀಲ್ರಿ?" ಎಂದು ಶಂಕ್ರವ್ವ ಗುರುಗಳನ್ನು ಕೇಳಿದಳು.

ಅವಳು ಮಠದ ಹಳೆಯ ಶಿಷ್ಯೆ. ಅವಳ ಮೊಮ್ಮಗ ಹುಟ್ಟಿದಾಗ ಬದುಕುತ್ತಾನೆಂಬ ಆಸೆ ಯಾರಿಗೂ ಇರಲಿಲ್ಲ. ಈಗ ಅವನು ಶಾಲೆಯಲ್ಲಿ ಮೂರನೆಯ ಇಯತ್ತೆ ಓದುತ್ತಿದ್ದ. ಮೈ ಮಿತಿ ಮೀರಿ ಬೆಳೆದಿದೆ, ತಿನ್ನುವುದಕ್ಕೆ ಕಡಿವಾಣ ಹಾಕಿ, ಆಡಲು ಬಿಡಿ ಎಂದು ಶಾಲೆಗೆ ಬಂದಿದ್ದ ಡಾಕ್ಟರು ಹೇಳಿದ್ದರು. ಶಂಕ್ರವ್ವನಿಗೆ ಅದು ದೇವರು ಕೊಟ್ಟದ್ದನ್ನು ಕೈಯಾರೆ ತಳ್ಳಿದಂತೆ ಅನ್ನಿಸಿತ್ತು. ಅವನಿಗೆ ಕೊಡುವ ಪ್ರತಿ ತುತ್ತಿಗೂ ಅವಳು ಮನಸ್ಸಿನಲ್ಲೇ ದೇವರಿಗೆ ಕೈಮುಗಿಯುತ್ತಿದ್ದಳು.

ಗದರಿಸಿದರೆ ಕೇಳುವ ಹೆಂಗಸಲ್ಲ ಅವಳು. ಗುರುಗಳಿಗೆ ಅದು ಗೊತ್ತಿತ್ತು. ಅವರು ನಕ್ಕು ಕತೆ ಶುರುಮಾಡಿದರು.

ಒಬ್ಬ ಬೆಲ್ಲದ ವ್ಯಾಪಾರಿಯಿದ್ದ. ಬಹಳ ವರ್ಷ ಕಾದ ಮೇಲೆ ಅವನಿಗೊಂದು ಹೆಣ್ಣು ಮಗು ಹುಟ್ಟಿತು. ಹುಟ್ಟುತ್ತಲೇ ಅದಕ್ಕೆ ಜ್ವರ ಬಂತು. ಕೂಸು ಉಳಿದರೆ ವರ್ಷ ವರ್ಷವೂ ಅದರ ತೂಕದಷ್ಟು ಬೆಲ್ಲವನ್ನು ಮಠಕ್ಕೆ ಕೊಡುತ್ತೇನೆಂದು ಅವನು ಹರಕೆ ಹೊತ್ತ. ಕೂಸು ಉಳಿಯಿತು.

ಮೊದಲ ತುಲಾಭಾರದ ದಿನ ಕೆಲವು ಅಚ್ಚು ಬೆಲ್ಲ ಇಟ್ಟದ್ದೇ ತಡ, ಕೂಸಿದ್ದ ತಟ್ಟೆ ಮೇಲೆದ್ದಿತು. ನೋಡಿದವರು 'ಇಷ್ಟೇನಾ?' ಎಂದು ನಕ್ಕರು. ವ್ಯಾಪಾರಿಯ ಮುಖ ಸಪ್ಪಗಾಯಿತು. ತೂಗದೆ ಯಾವುದನ್ನೂ ನಂಬದ ಮನುಷ್ಯ ಅವನು. ದೇವರು ಇಷ್ಟು ದೊಡ್ಡ ಉಪಕಾರ ಮಾಡಿದ, ನಾನು ಕೊಟ್ಟದ್ದು ಇಷ್ಟೇ ಎಂದು ಮರುಗಿದ. ಅಂದಿನಿಂದ ಮಗುವಿಗೆ ಉಣಿಸುವುದೇ ಅವನಿಗೆ ಪೂಜೆಯಾಯಿತು. ತುಪ್ಪ, ಕೆನೆ, ಉಂಡೆ, ಮತ್ತೆ ತುಪ್ಪ. ಹರಕೆಯ ದಿನ ಹತ್ತಿರ ಬಂದಂತೆ ತುತ್ತು ದೊಡ್ಡದಾಗುತ್ತಿತ್ತು. ತಕ್ಕಡಿಗೆ ಬೆಲ್ಲ ಏರಿದಂತೆಲ್ಲ ವ್ಯಾಪಾರಿಯ ಕಣ್ಣು ತುಂಬಿ ಬರುತ್ತಿತ್ತು. ಅವನ ಕೃತಜ್ಞತೆಯಲ್ಲಿ ಕಲಬೆರಕೆ ಇರಲಿಲ್ಲ.

ಹುಡುಗಿ ಶಾಲೆಗೆ ಸೇರಿದಳು. ಉಳಿದ ಮಕ್ಕಳು ಕುಂಟೆಬಿಲ್ಲೆ ಆಡುವಾಗ ಅವರ ಚೀಲ ಕಾಯುತ್ತ ಕೂರುತ್ತಿದ್ದಳು. ತುಸು ಓಡಿದರೆ ಏದುಸಿರು ಬರುತ್ತಿತ್ತು. ಆ ವರ್ಷ ತುಲಾಭಾರಕ್ಕೆ ಬಂದವಳು ಮಠದ ಮೆಟ್ಟಿಲ ನಡುವೆಯೇ ಕೂತುಬಿಟ್ಟಳು. ಅಪ್ಪ ಕೈ ಚಾಚಿದ. ಅವಳು ಏಳಲಿಲ್ಲ.

"ಅಪ್ಪಾ, ನನಗೂ ಓಡಬೇಕು ಅನಸ್ತದ. ನಾ ಹಗುರಾದ್ರ ದೇವರು ಸಿಟ್ಟಾಗ್ತಾನೇನು?"

ವ್ಯಾಪಾರಿ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಇಷ್ಟು ವರ್ಷ ತೂಗಿದವನು ಮಗಳ ಏದುಸಿರನ್ನು ಒಮ್ಮೆಯೂ ಕಿವಿಗೊಟ್ಟು ಕೇಳಿರಲಿಲ್ಲ. ಅವಳ ಪಕ್ಕದಲ್ಲೇ ಕೂತು ತಲೆ ಸವರಿದ.

"ಇಲ್ಲವ್ವಾ. ಹರಕಿ ಹೊತ್ತಾಂವ ನಾನು," ಎಂದ.

ಅವಳ ಉಸಿರು ತಹಬಂದಿಗೆ ಬಂದ ಮೇಲೆ ಇಬ್ಬರೂ ನಿಧಾನವಾಗಿ ಹತ್ತಿದರು. ವ್ಯಾಪಾರಿ ನೇರ ಹೋಗಿ ತಕ್ಕಡಿಯಲ್ಲಿ ತಾನೇ ಕೂತ. ಅವನೇನು ಸಣ್ಣ ಆಳಲ್ಲ. ಸರಪಳಿ ಕಿರುಗುಟ್ಟಿತು, ಜನ ಬಿದ್ದು ಬಿದ್ದು ನಕ್ಕರು, ಅವನೂ ನಕ್ಕ. ಬೆಲ್ಲ ಇಡುವ ಕೆಲಸ ಮಗಳದಾಯಿತು. ಅಂಗಳದ ಮೂಲೆಯಿಂದ ಒಂದೊಂದೇ ಅಚ್ಚು ತಂದು ಇಟ್ಟಳು. ನಡುನಡುವೆ ನಿಂತು ದಣಿವಾರಿಸಿಕೊಂಡಳು. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಅಪ್ಪ ನೆಲ ಬಿಟ್ಟು ಮೇಲೆದ್ದಾಗ ಚಪ್ಪಾಳೆ ತಟ್ಟಿ ಕುಣಿದಳು. ತೂಗಾಡುವ ತಟ್ಟೆಯಲ್ಲಿ ಕೂತೇ ವ್ಯಾಪಾರಿ ದೇವರಿಗೆ ಕೈಮುಗಿದ. ಅಷ್ಟು ಸಂತೋಷದಿಂದ ಅವನು ಹಿಂದೆಂದೂ ಹರಕೆ ತೀರಿಸಿರಲಿಲ್ಲ.

ಅಂದಿನಿಂದ ಮನೆಯಲ್ಲಿ ಅವಳಿಗೆ ಹಸಿವಿದ್ದಷ್ಟೇ ಬಡಿಸಿದರು. ಸಂಜೆ ಅಪ್ಪನೇ ಅವಳನ್ನು ಬಯಲಿಗೆ ಆಡಲು ಕರೆದೊಯ್ದ. ಹೀಗೇ ಕೆಲವು ವರ್ಷ ಕಳೆದ ಮೇಲೆ, ಮೆಟ್ಟಿಲ ನಡುವೆ ಕೂತದ್ದು ಅಪ್ಪ. ಮಗಳು ಮೇಲೆ ನಿಂತು ಅವನನ್ನು ಕೂಗಿ ಕರೆಯುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಶಂಕ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೂ ಒಂದು ಮಾತು ಕೇಳದೆ ಇರಲಾಗಲಿಲ್ಲ.

"ಆಕಿ ತೂಕ ಎಷ್ಟು ಇಳೀತ್ರಿ ಅಜ್ಜಾರ?"

"ಅಪ್ಪ ತನ್ನ ಹರಕಿಗೆ ತಾನೇ ಕುಂತ ಮ್ಯಾಲೆ ಆ ಕೂಸನ್ನ ಯಾರೂ ತೂಗಲಿಲ್ಲವ್ವಾ."