ಪೊದೆಯ ಹಿಂದಿನ ಹನ್ನೊಂದನೆಯವನು

ಬಂಡೆಗುಡ್ಡದ ಕೆಳಗೆ ಒಂದು ಕೆರೆ, ಕೆರೆಯ ಏರಿ ಮೇಲೆ ಒಂದು ಹೊಂಗೆಮರ. ಎಂಥ ಮರ ಅಂತೀರಿ ಮಕ್ಕಳೇ, ಉರಿಬಿಸಿಲಿನಲ್ಲೂ ಅದರ ಬುಡಕ್ಕೆ ಹೋದರೆ ಮೈ ತಣ್ಣಗಾಗುತ್ತಿತ್ತು. ಬೇಸಿಗೆ ಬಂತೆಂದರೆ ಆ ನೆರಳಿಗಾಗಿ ಪ್ರಾಣಿಗಳೆಲ್ಲ ಕಚ್ಚಾಡುತ್ತಿದ್ದವು.

ಕೊನೆಗೆ ಕೊಕ್ಕರೆರಾಯರು ಎಲ್ಲರನ್ನೂ ಕೂರಿಸಿ ಹೇಳಿದರು: "ಕಚ್ಚಾಟ ಸಾಕು, ಕ್ರಿಕೆಟ್ ಆಡಿ. ಲೀಗ್ ಗೆದ್ದ ತಂಡಕ್ಕೆ ಬೇಸಿಗೆಯಿಡೀ ಹೊಂಗೆಯ ನೆರಳು." ರಾಯರೇ ಕಾರ್ಯದರ್ಶಿ, ರಾಯರೇ ಅಂಪೈರ್. ಒಂಟಿಕಾಲಿನಲ್ಲಿ ನಿಂತು ಇಡೀ ಪಂದ್ಯ ನೋಡುವ ತಾಳ್ಮೆ ಬೇರೆ ಯಾರಿಗಿತ್ತು ಹೇಳಿ.

ರಾಯರಿಗೆ ನಿಯಮ ಅಂದರೆ ನಿಯಮ. ತಂಡಕ್ಕೆ ಹನ್ನೊಂದು ಮಂದಿ ಇರಲೇಬೇಕು, ಹತ್ತು ಮಂದಿ ಬಂದರೆ ಹಾಗೇ ಮನೆಗೆ ಹೋಗಬೇಕು. ಆಟಗಾರರು ಹುಣ್ಣಿಮೆಯ ದಿನ ಹೊತ್ತು ಮುಳುಗುವುದರೊಳಗೆ ಕೆರೆಯಂಚಿನ ಹಸಿ ಜೇಡಿಮಣ್ಣಿನಲ್ಲಿ ಒಂದು ಪಾದ ಒತ್ತಿ, ಹೆಸರು ಹೇಳಿ ನೋಂದಾಯಿಸಿಕೊಳ್ಳಬೇಕು. ಮಣ್ಣು ಒಣಗಿದ ಮೇಲೆ ಬ್ರಹ್ಮ ಬಂದರೂ ಹೊಸ ಹೆಸರು ಸೇರಿಸುವಂತಿಲ್ಲ. ಪ್ರತಿ ಪಂದ್ಯಕ್ಕೆ ಮೊದಲು ಅದೇ ಅಚ್ಚಿನಲ್ಲಿ ಪಾದ ಇಟ್ಟು ತೋರಿಸಬೇಕು, ಸರಿಹೊಂದಿದರೆ ಮಾತ್ರ ಆಟ.

ಬಂಡೆಗುಡ್ಡದ ತಂಡದ ನಾಯಕ ಮುಂಗುಸಿ ಚೂಟಯ್ಯ. ಅವನ ಗುಡ್ಡದಲ್ಲಿ ಒಂದು ಮರ ಇಲ್ಲ, ಬೇಸಿಗೆಯಲ್ಲಿ ಬಂಡೆ ಕಾದ ಹೆಂಚಾಗುತ್ತಿತ್ತು. "ಈ ಸಲ ನೆರಳು ನಮ್ಮದೇ, ನಾನಿದ್ದೀನಲ್ಲ" ಎಂದು ಚೂಟಯ್ಯ ಎಲ್ಲರಿಗೂ ಮಾತು ಕೊಟ್ಟುಬಿಟ್ಟಿದ್ದ. ಹುಣ್ಣಿಮೆಯ ದಿನ ಎಣಿಸಿದರೆ ತಂಡದಲ್ಲಿ ಹತ್ತೇ ಮಂದಿ.

ಆಗ ಚಿಪ್ಪುಹಂದಿ ಈರಕ್ಕ ನಿಧಾನವಾಗಿ ಬಂದಳು. "ಏನಪ್ಪಾ ಚೂಟಯ್ಯ, ಒಬ್ಬರು ಕಮ್ಮಿಯಂತಲ್ಲ. ನನ್ನ ಹೆಸರು ಸೇರಿಸು."

"ಈರಕ್ಕ, ಮೊನ್ನೆ ಪ್ರಾಕ್ಟೀಸಿಗೆ ಬಂದು ಏನು ಮಾಡಿದೆ? ಚೆಂಡು ಕಂಡ ಕೂಡಲೇ ಮುದುರಿ ಉಂಡೆಯಾದೆ. ಮೊಲ ನಿನ್ನನ್ನೇ ಚೆಂಡು ಅಂದುಕೊಂಡು ಎಸೆಯೋಕೆ ಹೋಗಿ ಸೊಂಟ ಉಳುಕಿಸಿಕೊಂಡ."

"ಕಲಿತುಕೊಳ್ತೀನಪ್ಪ."

"ಬೇಡಕ್ಕ. ನೀನು ಕೂತು ಚಪ್ಪಾಳೆ ತಟ್ಟು, ಅಷ್ಟು ಸಾಕು."

ಈರಕ್ಕ ಮುಖ ಸಣ್ಣದು ಮಾಡಿಕೊಂಡು ಹೋದಳು. ಇತ್ತ ಹೊತ್ತು ಇಳಿಯುತ್ತಿತ್ತು. ಚೂಟಯ್ಯ ತನ್ನ ಬಲಗಾಲು ಒತ್ತಿ ಹೆಸರು ಬರೆಸಿದ. ಕಾಲು ಎತ್ತುವಾಗ ಅವನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ಸರಸರನೆ ಲಂಟಾನ ಪೊದೆಯ ಹಿಂದೆ ಓಡಿದ. ಅಲ್ಲೊಂದು ಎಮ್ಮೆ ಹೊರಳುವ ಗುಂಡಿ. ಮೈಗೆಲ್ಲ ಕಪ್ಪು ಕೆಸರು ಮೆತ್ತಿಕೊಂಡು ಬಂದು, ಗೊಗ್ಗರು ದನಿಯಲ್ಲಿ ಹೇಳಿದ: "ನಾನು ಮಸಿಯಪ್ಪ. ಚೂಟಯ್ಯನ ಚಿಕ್ಕಪ್ಪನ ಮಗ." ಹೇಳಿ, ಎಡಗಾಲು ಚಾಚಿದ.

ರಾಯರು ಕತ್ತು ಬಗ್ಗಿಸಿ ನೋಡಿದರು. "ಒಂದು ಪಾದ ಅಂತಷ್ಟೇ ನಿಯಮ. ಎಡವೋ ಬಲವೋ ಅಂತ ಇಲ್ಲ. ಒತ್ತಪ್ಪ."

ಹೀಗೆ ಬಂಡೆಗುಡ್ಡಕ್ಕೆ ಹನ್ನೊಂದು ಮಂದಿಯಾದರು.

ಲೀಗ್ ಶುರುವಾಯಿತು, ಚೂಟಯ್ಯನ ಪಾಡು ಯಾರಿಗೂ ಬೇಡ. ಫೀಲ್ಡಿಂಗ್ ಮಾಡುವಾಗ "ಮಸಿಯಪ್ಪ ಎಲ್ಲಿ?" ಎಂದು ರಾಯರು ಕೇಳಿದರೆ, "ಬೌಂಡರಿಯಲ್ಲಿ, ಪೊದೆ ಹಿಂದೆ" ಎನ್ನುತ್ತಿದ್ದ. ಚೆಂಡು ಅತ್ತ ಹೋದರೆ "ಮಸಿಯಪ್ಪಾ, ಬಿಡಬೇಡ ಕಣೋ" ಎಂದು ತಾನೇ ಕೂಗಿ, ತಾನೇ ಪೊದೆ ಸುತ್ತಿ ಓಡಿ, ಅಲ್ಲಿಂದ ಚೆಂಡು ಎಸೆದು, ಏದುಸಿರು ಬಿಡುತ್ತ ವಾಪಸು ಬಂದು "ಶಾಭಾಸ್ ಮಸಿಯಪ್ಪ" ಎಂದು ತಾನೇ ಹೊಗಳಬೇಕಿತ್ತು.

ಬ್ಯಾಟಿಂಗ್ ಇನ್ನೂ ಕಷ್ಟ. ನಾಯಕನಾಗಿ ಮೊದಲು ಬಂದವನು ಬೇಕೆಂದೇ ಬೇಗ ಔಟಾಗಬೇಕು. ಇಲ್ಲವಾದರೆ ಕೊನೆಗೆ ಮಸಿಯಪ್ಪನಾಗಿ ಬರುವುದು ಹೇಗೆ? ಹಾಗಾಗಿ ಚೂಟಯ್ಯ ಮೂರು ರನ್ನಿಗೋ ನಾಲ್ಕು ರನ್ನಿಗೋ ಔಟಾಗಿ ಹೋಗುತ್ತಿದ್ದ. "ಬೇಜಾರಿಗೆ ಎಲ್ಲೋ ಕೂತಿದ್ದಾನೆ ಬಿಡಿ" ಎಂದು ತಂಡದವರು ಸುಮ್ಮನಾಗುತ್ತಿದ್ದರು. ಆಮೇಲೆ ಮೈಗೆ ಕೆಸರು ಮೆತ್ತಿ, ಮಸಿಯಪ್ಪನಾಗಿ ಬಂದು, ಮನಸ್ಸು ಬಿಚ್ಚಿ ಬಾರಿಸುತ್ತಿದ್ದ. ಪಂದ್ಯದ ಮೇಲೆ ಪಂದ್ಯ ಗೆದ್ದರು.

ಆದರೆ ಹೆಸರು ಬಂದದ್ದು ಯಾರಿಗೆ? ಮಸಿಯಪ್ಪನಿಗೆ. "ಆಟ ಅಂದರೆ ಮಸಿಯಪ್ಪನದು. ಎಷ್ಟು ವಿನಯ ನೋಡಿ, ಆಟ ಮುಗಿದರೆ ಒಂದು ಘಳಿಗೆ ನಿಲ್ಲೋದಿಲ್ಲ" ಎಂದು ಮೊಲ ಕಣ್ಣರಳಿಸುತ್ತಿತ್ತು. "ನಾಯಕನ ಪಟ್ಟಾನೂ ಅವನಿಗೇ ಕೊಡಬಹುದಿತ್ತು" ಎಂದಿತು ಅಳಿಲು. ಚೂಟಯ್ಯನಿಗೆ ಮೈಯೆಲ್ಲ ಉರಿಯಿತು. ಇಲ್ಲದ ಚಿಕ್ಕಪ್ಪನ ಇಲ್ಲದ ಮಗನ ಮೇಲೆ ಹೊಟ್ಟೆಕಿಚ್ಚುಪಟ್ಟವನು ಈ ಭೂಮಿಯ ಮೇಲೆ ಅವನೊಬ್ಬನೇ ಇರಬೇಕು.

ಫೈನಲ್ ಪಂದ್ಯ ಬಿದಿರುಮೆಳೆಯ ಮುಸುವನ ತಂಡದ ಮೇಲೆ. ಅಂದು ಚೂಟಯ್ಯ ನಿರ್ಧಾರ ಮಾಡಿದ್ದ: ಇವತ್ತು ಇವರಿಗೆ ನಾನು ಯಾರು ಅಂತ ತೋರಿಸಬೇಕು. ತೋರಿಸಿದ ಕೂಡ. ಹೊಡೆದ ಹೊಡೆತಕ್ಕೆ ಚೆಂಡು ಮೂರು ಸಲ ಕೆರೆಗೆ ಬಿತ್ತು. ಅತ್ತ ಕಡೆ ಒಬ್ಬೊಬ್ಬರೇ ಔಟಾದರೂ ಇವನು ಅಲ್ಲಾಡಲಿಲ್ಲ. ಎಂಟು ವಿಕೆಟ್ ಬಿದ್ದವು. ಜತೆಗೆ ಮೊಲ ನಿಂತಿತ್ತು, ಗೆಲ್ಲಲು ಎರಡೇ ರನ್ ಸಾಕಿತ್ತು.

ಈಗ ಔಟಾಗಿಬಿಡಬೇಕು, ಮಸಿಯಪ್ಪನಾಗಿ ಬರಬೇಕು ಎಂದು ಬುದ್ಧಿ ಹೇಳಿತು. ಆದರೆ ಸ್ಕೋರ್ ನಲವತ್ತೊಂಬತ್ತು. "ಇನ್ನೊಂದು ರನ್ ಹೊಡೆದು ಐವತ್ತು ಮಾಡಿಕೊಳ್ತೀನಿ, ಔಟಾಗೋದು ಎಲ್ಲಿ ಹೋಗುತ್ತೆ" ಎಂದುಕೊಂಡು, ಚೆಂಡನ್ನು ಸುಮ್ಮನೆ ಮುಟ್ಟಿಸಿ "ಓಡು ಓಡು" ಎಂದು ಕೂಗಿದ. ಸೊಂಟ ಉಳುಕಿದ್ದ ಮೊಲ ಅರ್ಧ ದಾರಿಗೆ ಬರುವಷ್ಟರಲ್ಲಿ ಮುಸುವ ಚೆಂಡೆಸೆದು ಗೂಟ ಉರುಳಿಸಿದ. ಮೊಲ ಔಟ್, ಆ ರನ್ನೂ ಇಲ್ಲ.

"ಕೊನೆಯ ಆಟಗಾರ ಬರಲಿ" ಎಂದರು ರಾಯರು. "ಕೆರೆಯ ಆ ಬಾತುಕೋಳಿ ಹತ್ತು ಸಲ ಮುಳುಗಿ ಏಳುವುದರೊಳಗೆ ಇಬ್ಬರೂ ಅವರವರ ತುದಿಯಲ್ಲಿರಬೇಕು. ಇಲ್ಲದಿದ್ದರೆ ಆಟ ಮುಗಿದಂತೆ."

"ಮಸಿಯಪ್ಪ, ಮಸಿಯಪ್ಪ" ಎಂದು ಬಂಡೆಗುಡ್ಡದವರು ಕುಣಿಯತೊಡಗಿದರು. ಚೂಟಯ್ಯ "ನಾನೇ ಕರ್ಕೊಂಡು ಬರ್ತೀನಿ" ಎಂದು ಪೊದೆಯ ಹಿಂದೆ ಓಡಿದ. ಬಾತುಕೋಳಿ ಮುಳುಗತೊಡಗಿತು.

ಮೂರನೇ ಮುಳುಗಿಗೆ ಮೈತುಂಬ ಕೆಸರಿನ ಮಸಿಯಪ್ಪ ಬಂದ. ರಾಯರು ಕೇಳಿದರು, "ನೀನು ಬಂದೆ, ಸರಿ. ನಿಮ್ಮ ನಾಯಕ ಎಲ್ಲಿ?"

"ಹಿಂದೇನೇ ಬರ್ತಿದ್ದಾನೆ, ತಡೀರಿ" ಎಂದು ಓಡಿ, ಕೆರೆಗೆ ಹಾರಿ, ಮೈ ತೊಳೆದು, ಆರನೇ ಮುಳುಗಿಗೆ ಚೂಟಯ್ಯನಾಗಿ ಬಂದ.

"ಈಗ ಮಸಿಯಪ್ಪ ಎಲ್ಲಿ?"

"ಬ್ಯಾಟ್ ಮರೆತನಂತೆ" ಎಂದು ಮತ್ತೆ ಓಡಿದ. ಎಡಗಡೆಗೆ ಕೆಸರು ಬಳಿಯುವಷ್ಟರಲ್ಲಿ "ಒಂಬತ್ತು" ಎಂಬ ಕೂಗು ಕೇಳಿತು. ಗಾಬರಿಯಲ್ಲಿ ಹಾಗೇ ಎದ್ದುಬಿದ್ದು ಓಡಿಬಂದು ಪಿಚ್ಚಿನ ನಡುವೆ ನಿಂತ. ಎಡ ಅರ್ಧ ಕಪ್ಪು, ಬಲ ಅರ್ಧ ಕಂದು. ಯಾವ ತುದಿಗೆ ಹೋಗಬೇಕೆಂದು ಅವನಿಗೇ ತಿಳಿಯಲಿಲ್ಲ.

ರಾಯರು ಅಷ್ಟು ಪಂದ್ಯಗಳಲ್ಲಿ ಮೊದಲ ಸಲ ಎರಡೂ ಕಾಲು ಊರಿ ನಿಂತರು. "ಎಡಗಡೆಯವರು ಆ ತುದಿಗೆ ಹೋಗಿ, ಬಲಗಡೆಯವರು ಈ ತುದಿಗೆ ಬನ್ನಿ. ಆಟ ಮುಂದುವರಿಸೋಣ."

ಬಾತುಕೋಳಿ ಹತ್ತನೆಯ ಸಲ ಎದ್ದಿತು. ಮುಸುವನ ತಂಡ ನೆಲದ ಮೇಲೆ ಬಿದ್ದು ಹೊರಳಾಡಿ ನಕ್ಕಿತು. ಹೊಂಗೆಯ ನೆರಳು ಒಂದೇ ರನ್ನಿನಲ್ಲಿ ಅವರ ಪಾಲಾಯಿತು.

ಮೊಲಕ್ಕೆ ಇನ್ನೂ ನಂಬಿಕೆ ಬರಲಿಲ್ಲ. "ಹಾಗಾದರೆ ಮಸಿಯಪ್ಪ ಅನ್ನೋನು ಇಲ್ಲವೇ ಇಲ್ಲವಾ? ಮೊನ್ನೆ ಹುಟ್ಟಿದ ಮಗನಿಗೆ ಅದೇ ಹೆಸರಿಟ್ಟೆನಲ್ಲಪ್ಪ" ಎಂದು ಅಳತೊಡಗಿತು.

ಈರಕ್ಕ ಬೈಯಲಿಲ್ಲ. ಹತ್ತಿರ ಬಂದು ಚೂಟಯ್ಯನ ಕಿವಿಯ ಕೆಸರು ಒರೆಸಿದಳು. "ಎರಡು ರನ್ ನೀನೇ ಹೊಡೀತಿದ್ದೆ. ಆ ತುದಿಯಲ್ಲಿ ಯಾರಾದರೂ ಒಬ್ಬರು ಇದ್ದಿದ್ದರೆ ಸಾಕಿತ್ತು. ಮುದುರಿ ಕೂತಿರೋದು ನನಗೆ ಚೆನ್ನಾಗೇ ಬರ್ತದಪ್ಪ" ಎಂದಳು.

ಆ ಬೇಸಿಗೆಯಿಡೀ ಬಂಡೆಗುಡ್ಡದವರು ಕಾದ ಬಂಡೆಯ ಮೇಲೆ ಕಾಲು ಬದಲಿಸುತ್ತ ಕಳೆದರು. ಕೆಳಗೆ ಹೊಂಗೆಯ ಬುಡದಲ್ಲಿ ಮುಸುವ ಕಾಲು ಚಾಚಿ ಗೊರಕೆ ಹೊಡೆಯುವುದು ಮೇಲಿನವರೆಗೂ ಕೇಳಿಸುತ್ತಿತ್ತು. ಚೂಟಯ್ಯನ ಅಂಗಾಲೂ ಸುಡುತ್ತಿತ್ತು, ಆದರೆ ಅಯ್ಯೋ ಎನ್ನಲು ಅವನಿಗೆ ಬಾಯಿರಲಿಲ್ಲ.

ನೀತಿ: ಇಲ್ಲದವರ ಹೆಸರು ಬರೆಸಿ ಸಂಖ್ಯೆ ತುಂಬಿಸಬಹುದು, ಕಷ್ಟಕಾಲಕ್ಕೆ ಪಕ್ಕದಲ್ಲಿ ನಿಲ್ಲಲು ಇರುವವರೇ ಬೇಕು.