ನೆರಳು ಬೇಡವೆಂದ ಬ್ಯಾಟರಿ

ರಾಯಚೂರಿನ ಹುಸೇನಬಿ ಎಲೆಕ್ಟ್ರಿಕ್ ಬೈಕಿನಲ್ಲಿ ಮನೆಮನೆಗೆ ಹಾಲು ಹಾಕುತ್ತಿದ್ದಳು. ಮೇ ತಿಂಗಳ ಒಂದು ಮಧ್ಯಾಹ್ನ ಅವಳು ಮನೆಗೆ ಬಂದು ಬೈಕು ನಿಲ್ಲಿಸಿದಾಗ ಅದರ ಬ್ಯಾಟರಿ ಕಾದ ಹೆಂಚಿನಂತಾಗಿತ್ತು. ಪಕ್ಕದ ಬೇವಿನ ನೆರಳಿನಲ್ಲಿ ಅವಳ ಎಮ್ಮೆ ಮಲಗಿತ್ತು.

“ಹಾಡಹಗಲೇ ಮಲಗಲು ನಿನಗೆ ನಾಚಿಕೆಯಿಲ್ಲವೇ?” ಎಂದು ಬ್ಯಾಟರಿ ಕೇಳಿತು. “ನನ್ನನ್ನು ನೋಡು. ಬಂದ ತಕ್ಷಣ ಚಾರ್ಜಿಗೆ ಕೂರುತ್ತೇನೆ, ತುಂಬಿದ ತಕ್ಷಣ ಹೊರಡುತ್ತೇನೆ.”

“ಮೈ ಕಾದಿರುವಾಗ ನಾನು ಮೇವನ್ನೂ ಮುಟ್ಟುವುದಿಲ್ಲ,” ಎಂದಿತು ಎಮ್ಮೆ. “ನೀನೂ ನೆರಳಿಗೆ ಬಾ. ಮೊದಲು ಮೈ ಆರಲಿ, ಆಮೇಲೆ ಚಾರ್ಜ್ ಆಗು.”

“ನೆರಳು ನಿನ್ನಂಥ ಸೋಮಾರಿಗಳಿಗೆ!”

ಹುಸೇನಬಿ ಬ್ಯಾಟರಿ ಮುಟ್ಟಿ ನೋಡಿ, “ಅಯ್ಯ, ಸುಡಾಕತ್ತೈತಲ್ಲ! ಒಳಗ ತಣ್ಣಗ ಇಡ್ಲೇನು?” ಎಂದಳು.

“ಬೇಡ, ಸಂಜೆಯ ಹಾಲಿಗೆ ತಡವಾಗುತ್ತದೆ. ಈಗಲೇ ಚಾರ್ಜಿಗೆ ಹಾಕು,” ಎಂದಿತು ಬ್ಯಾಟರಿ. ಅವಳು ಹಾಗೆಯೇ ಮಾಡಿದಳು. ದಿನವೂ ಇದೇ ನಡೆಯಿತು.

ತಿಂಗಳು ಮುಗಿಯುವುದರೊಳಗೆ ಬ್ಯಾಟರಿ ಉಬ್ಬಿ, ಅದರ ಹೊದಿಕೆ ಬಿರುಕುಬಿಟ್ಟಿತು. “ದುಡಿದು ದುಡಿದು ಮೈ ತುಂಬಿಕೊಂಡಿದ್ದೇನೆ,” ಎಂದು ಅದು ಎಮ್ಮೆಗೆ ಹೇಳಿತು. ಬೈಕು ಮಾತ್ರ ಗೇಟು ದಾಟಲಿಲ್ಲ. ಹುಸೇನಬಿ ಹಾಲಿನ ಕ್ಯಾನು ಹೊತ್ತು ಬಿಸಿಲಿನಲ್ಲಿ ನಡೆದೇ ಹೊರಟಳು.

ಮೆಕ್ಯಾನಿಕ್ ಶರಣಪ್ಪ ಬಂದು, ದಪ್ಪ ಕೈಗವಸು ತೊಟ್ಟು ಬ್ಯಾಟರಿಯನ್ನು ಬಿಚ್ಚಿ, ದೂರದ ಮರಳಗುಡ್ಡೆಯ ಮೇಲೆ ಇಟ್ಟ. “ಯಾರೂ ಹತ್ರ ಹೋಗಬ್ಯಾಡ್ರಿ. ಇದು ಯಾವಾಗ ಹೊತ್ತಿಕೊಳ್ತದೋ ಹೇಳಾಕ ಬರಂಗಿಲ್ಲ,” ಎಂದ. ನೆರೆದ ಜನ ಗಾಬರಿಯಿಂದ ಹಿಂದೆ ಸರಿದರು.

“ನೋಡಿದೆಯಾ, ಎಲ್ಲರೂ ನನಗೆ ಹೇಗೆ ದಾರಿ ಬಿಡುತ್ತಾರೆ!” ಎಂದಿತು ಬ್ಯಾಟರಿ.

ಎಮ್ಮೆ ಒಮ್ಮೆ ಬುಸುಗುಟ್ಟಿ, ಅದಕ್ಕೆ ಬೆನ್ನು ತಿರುಗಿಸಿತು.